ಕಣ್ಣಳತೆ ಮತ್ತು ಗೆರೆ ಹಾಕಿದ ಚೀಲ

ನಾನು ಕೆಲಸಕ್ಕೆ ಸೇರಿದಾಗ ಕಲಿತ ಪಾಠಗಳಲ್ಲಿ ಅರ್ಧದಷ್ಟು, ನಿವೃತ್ತಳಾಗುವ ಹೊತ್ತಿಗೆ ತಪ್ಪು ಎಂದಾಗಿಬಿಟ್ಟಿದ್ದವು. ಇದನ್ನು ಹೇಳಿದರೆ ಹೊಸದಾಗಿ ನರ್ಸ್ ಆದ ಹುಡುಗಿಯರು ಗಾಬರಿಯಾಗುತ್ತಾರೆ. "ಹಂಗಾದ್ರ ನಾವು ಈಗ ಕಲಿಯಾಕತ್ತಿದ್ದೂ ಮುಂದ ತಪ್ಪ ಆಗ್ತೈತೇನ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಆಗುತ್ತದೆ, ಯಾಕಾಗಬಾರದು? ಅದರಲ್ಲಿ ಅಳುವಂಥದ್ದೇನೂ ಇಲ್ಲ. ನನಗಂತೂ ಬಡ್ತಿ ಸಿಕ್ಕ ದಿನ ನೆನಪಿಲ್ಲ, ಆದರೆ ಒಂದೊಂದು ಪಾಠ ತಲೆಕೆಳಗಾದ ದಿನ ಚೆನ್ನಾಗಿ ನೆನಪಿದೆ. ಅಂಥ ದಿನ ಮನೆಗೆ ಬಂದರೆ ಊಟ ಕೂಡ ಬೇಗ ಸೇರುತ್ತಿರಲಿಲ್ಲ, ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಆಗ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಹೆರಿಗೆ ಕೋಣೆಯ ನರ್ಸ್. ಹೆಸರು ನೀಲಮ್ಮ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಸಿಂದಗಿ, ಈ ನಾಲ್ಕು ತಾಲೂಕು ಬಿಟ್ಟು ಆಚೆ ನೌಕರಿ ಮಾಡಿದವಳಲ್ಲ. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನನಗೆ ವರ್ಗಾವಣೆ ಆದಾಗಲೆಲ್ಲ, "ಸರಕಾರ ನಿನ್ನ ಗಾಣದ ಎತ್ತು ಮಾಡೇತಿ ನೋಡು, ಅಲ್ಲಲ್ಲೇ ತಿರುಗಸ್ತೈತಿ" ಎಂದು ನಗುತ್ತಿದ್ದರು. ಆಸ್ಪತ್ರೆಗಳ ಹೆಸರು ಇಲ್ಲಿ ಬೇಡ. ಎಲ್ಲವೂ ಒಂದೇ ಥರ ಇದ್ದವು: ಹಸಿರು ಪರದೆ, ಕಬ್ಬಿಣದ ಮಂಚ, ಹೊರಗಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತ ಬಂಧುಬಳಗ.

ಇಂಡಿ ತಾಲೂಕಿನಲ್ಲಿ ನನಗೆ ಕೆಲಸ ಕಲಿಸಿದವರು ಗಂಗಾಬಾಯಿ ಸಿಸ್ಟರ್. ಗಿಡ್ಡ ಹೆಂಗಸು, ದೊಡ್ಡ ಧ್ವನಿ. ಅವರು ಒಳಗೆ ಮಾತಾಡಿದರೆ ಬೇವಿನ ಮರದ ಕೆಳಗಿನವರು ಎದ್ದು ನಿಲ್ಲುತ್ತಿದ್ದರು. ಅವರು ಸಿಟ್ಟಿನವರಾದರೂ ನಾನು ಅವರನ್ನು ಬಹಳ ಹಚ್ಚಿಕೊಂಡಿದ್ದೆ. ಹೆರಿಗೆ ಮುಗಿದ ಮೇಲೆ ಎಷ್ಟು ರಕ್ತ ಹೋಗಿದೆ ಎಂದು ಬರೆಯಬೇಕಲ್ಲ, ಆಗ ಅವರು ಬಟ್ಟೆಯತ್ತ ಒಮ್ಮೆ ನೋಡಿ, "ಇಷ್ಟ. ಸಾದಾ ಐತಿ" ಎಂದು ಹೇಳಿಬಿಡುತ್ತಿದ್ದರು. ಅದು ಹೇಗೆ ಗೊತ್ತಾಯಿತು ಎಂದು ನಾನು ಕೇಳಿದರೆ ಅವರಿಗೆ ಸಿಟ್ಟು.

"ಕಣ್ಣಳತಿ ಅಂತಾರ ಇದಕ್ಕ. ನೋಡಿ ನೋಡಿ ಬರ್ತೈತಿ. ಕಣ್ಣಳತಿ ಬಂದ ದಿನ ನೀ ನರ್ಸ್ ಆದಿ ಅಂತ ತಿಳಕೊ ನೀಲಾ."

ನನಗೂ ಬಂತು. ಅಂದರೆ ಬಂತು ಎಂದು ನಾನು ತಿಳಿದುಕೊಂಡೆ. ಆ ಮಾತು ಮುಂದೆ ಬರುತ್ತದೆ.

ಗಂಗಾಬಾಯಿಯವರ ಇನ್ನೊಂದು ಪಾಠ ಹೊಕ್ಕುಳ ಬಳ್ಳಿಯದು. ಕೂಸು ಹೊರಗೆ ಬಂತೋ ಇಲ್ಲವೋ ಕತ್ತರಿ ಕೈಯಲ್ಲಿರಬೇಕು, ಕಟ್ಟಬೇಕು, ಕತ್ತರಿಸಬೇಕು. ನಿಧಾನಿಸಿದರೆ ನನ್ನ ಮೊಣಕೈಗೆ ಒಂದು ಏಟು ಬೀಳುತ್ತಿತ್ತು. ನಾನು ಬಹಳ ಚುರುಕಾದೆ. ವರ್ಷಗಟ್ಟಲೆ ಹಾಗೆಯೇ ಮಾಡಿದೆ. ಆಮೇಲೆ ಮುದ್ದೇಬಿಹಾಳ ತಾಲೂಕಿನಲ್ಲಿದ್ದಾಗ ತರಬೇತಿಯಲ್ಲಿ ಹೇಳಿದರು: ಅವಸರ ಮಾಡಬೇಡಿ. ಕೂಸು ಅತ್ತು ಉಸಿರಾಡುತ್ತಿದ್ದರೆ ಬಳ್ಳಿ ಮಿಡಿಯುವುದು ನಿಲ್ಲುವವರೆಗೆ ಕಾಯಿರಿ, ಕೂಸಿನದೇ ರಕ್ತ ಇನ್ನೂ ಕೂಸಿಗೆ ಹೋಗುತ್ತಿರುತ್ತದೆ, ಮುಂದೆ ಅದಕ್ಕೆ ರಕ್ತಹೀನತೆ ಕಡಿಮೆಯಾಗುತ್ತದೆ ಎಂದು ದೇಶ ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ ಎಂದರು.

ಕಾಯುವುದು ಎಷ್ಟು ಕಷ್ಟ ಎಂದು ಕತ್ತರಿ ಹಿಡಿದವರಿಗೇ ಗೊತ್ತು. ಮೊದಲ ಸಲ ನಾನು ಕಾದದ್ದು ನಾಲತವಾಡದ ಒಬ್ಬ ಹೆಂಗಸಿನ ಹೆರಿಗೆಯಲ್ಲಿ. ಅವಳ ಅತ್ತೆ ತಲೆಯ ಹತ್ತಿರ ನಿಂತಿದ್ದಳು. ನಾನು ಸುಮ್ಮನೆ ನಿಂತದ್ದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಸಿಸ್ಟರ್‌ಬಾಯಿ, ಕತ್ತರಿ ಸಿಗವಲ್ದೇನ್ರಿ?"

"ಸಿಕ್ಕೈತಿ. ಕಾಯಾಕತ್ತೇನಿ."

"ಯಾರ ಬರೂದು ಐತ್ರಿ ಇನ್ನ?"

ನನಗೆ ನಗು ಬಂತು. ಎರಡು ಬೆರಳಿನ ನಡುವೆ ಬಳ್ಳಿ ಹಿಡಿದಿದ್ದೆ. ಅದು ಮಿಡಿಯುತ್ತಿತ್ತು, ಜೋರಾಗಿ. ಅಷ್ಟು ವರ್ಷ ಎಷ್ಟೊಂದು ಬಳ್ಳಿ ಮುಟ್ಟಿದ್ದೆ, ಆದರೆ ಕಟ್ಟಲು ಮುಟ್ಟಿದ್ದೆ, ಕತ್ತರಿಸಲು ಮುಟ್ಟಿದ್ದೆ. ಅದು ಏನು ಮಾಡುತ್ತಿದೆ ಎಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ಅತ್ತೆಗೆ ಕೈಗವಸು ಹಾಕಿಸಿ ಅವಳ ಬೆರಳನ್ನೂ ಅಲ್ಲಿಟ್ಟೆ. "ಯವ್ವಾ! ಇದು ಇನ್ನೂ ಬಡೀತೈತಲ್ರಿ!" ಎಂದು ಅವಳು ಕೂಗಿದ ರೀತಿಗೆ ಹಡೆದವಳೂ ನಕ್ಕಳು. ಮಿಡಿತ ಸಣ್ಣಗಾಗುತ್ತ ಸಣ್ಣಗಾಗುತ್ತ ನಿಂತಿತು, ಬಳ್ಳಿ ಬೆಳ್ಳಗಾಯಿತು. ಆಮೇಲೆ ಕತ್ತರಿಸಿದೆ. ಅವತ್ತು ಮನೆಗೆ ಬಂದು ಯಜಮಾನರಿಗೆ ಇದನ್ನೇ ಮೂರು ಸಲ ಹೇಳಿ ಅವರಿಂದ ಬೈಸಿಕೊಂಡೆ.

ಕೂಸಿನ ಸ್ನಾನದ ವಿಷಯದಲ್ಲಿ ಮಾತ್ರ ನಾನು ನಮ್ಮ ಮುದುಕಿಯರ ಮುಂದೆ ಸೋತು ಸುಣ್ಣವಾಗಿದ್ದೇನೆ. ಹುಟ್ಟಿದ ಕೂಸಿಗೆ ಕೂಡಲೇ ನೀರು ಹಾಕಬಾರದು, ಒರೆಸಿ ಒಣಗಿಸಿ ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಮಲಗಿಸಬೇಕು, ಸ್ನಾನ ಮಾರನೇ ದಿನಕ್ಕೆ ಎಂಬುದು ಹೊಸ ಪಾಠ. ಬಸವನ ಬಾಗೇವಾಡಿ ತಾಲೂಕಿನಲ್ಲಿ ನಾನಿದ್ದಾಗ ಮಸೂತಿಯಿಂದ ಬಂದ ಒಬ್ಬ ಅಜ್ಜಿ ನಾನು ಹೇಳಿದ್ದಕ್ಕೆಲ್ಲ "ಹೌದ್ರಿ, ಹೌದ್ರಿ" ಎಂದಳು. ನಾನು ಬರೆಯುವ ಕೆಲಸಕ್ಕೆ ಕುಳಿತು ತಲೆ ಎತ್ತುವಷ್ಟರಲ್ಲಿ ಬಚ್ಚಲಿನಿಂದ ಸಾಬೂನಿನ ವಾಸನೆ ಬಂತು. ಓಡಿಹೋಗಿ ನೋಡಿದರೆ ಅಜ್ಜಿ ಕಾಲು ಚಾಚಿ ಕೂಸನ್ನು ಕಾಲಿನ ಮೇಲೆ ಹಾಕಿಕೊಂಡು ನೀರು ಹೊಯ್ಯುತ್ತಿದ್ದಾಳೆ. ಕೂಸಿನ ಅಂಗಾಲು ತಣ್ಣಗಾಗಿತ್ತು.

"ಹೌದ್ರಿ ಅಂದೆಲ್ಲ ಯವ್ವಾ!"

"ನೀವು ಹೇಳಿದ್ದು ಖರೆ ಅಂತ ಹೌದ್ರಿ ಅಂದೇನ್ರಿ. ಆದ್ರ ತೊಳೀಲಾರದ ಕೂಸು ಮನಿಯವರ ಮುಂದ ಹೆಂಗ ತೋರಸೂದ್ರಿ?"

ಕೂಸನ್ನು ಕಿತ್ತುಕೊಂಡು ಒರೆಸಿ ತಾಯಿಯ ಎದೆಗೆ ಹಾಕಿದೆ. ನಿಧಾನಕ್ಕೆ ಅಂಗಾಲು ಬೆಚ್ಚಗಾಯಿತು. ಅಜ್ಜಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಆದರೂ ಮರುದಿನ ಇನ್ನೊಬ್ಬ ಅಜ್ಜಿಗೆ ಬಚ್ಚಲು ಎಲ್ಲಿದೆ ಎಂದು ತೋರಿಸಿಕೊಟ್ಟವಳು ಅವಳೇ.

ಅದೇ ಆಸ್ಪತ್ರೆಯಲ್ಲಿ ಬೀರಪ್ಪ ಎಂಬ ಕುರಿ ಕಾಯುವವನ ಹೆಂಡತಿ ಹಡೆದಳು. ಕೂಸು ಬಹಳ ಸಣ್ಣದು, ತಾಯಿಗೆ ಜ್ವರ. ಇಂಥ ಸಣ್ಣ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಿಂತ ಹುಟ್ಟಿದ ಗಳಿಗೆಯಿಂದಲೇ ಎದೆಗೆ ಕಟ್ಟಿಕೊಂಡರೆ ಹೆಚ್ಚು ಬದುಕುತ್ತವೆ ಎಂದು ಹೊಸದಾಗಿ ಕಂಡುಕೊಂಡಿದ್ದರು. ತಾಯಿಗೆ ಆಗದಿದ್ದರೆ ಮನೆಯವರು ಯಾರಾದರೂ ಆಗಬಹುದು. ಬಂದವರಲ್ಲಿ ಬೀರಪ್ಪನೊಬ್ಬನೇ ಇದ್ದ.

"ಗಂಡಸರು ಕೂಸು ಎದಿಗಿ ಕಟ್ಕೋತಾರೇನ್ರಿ ಬಾಯಾರ? ಮಂದಿ ನಗ್ತಾರ."

"ಚಳಿಗಾಲದಾಗ ಹೊಲದಾಗ ಮರಿ ಹುಟ್ಟಿದ್ರ ಏನ್ ಮಾಡ್ತಿ?"

"ಕಂಬಳಿ ಒಳಗ ಇಟ್ಕೋತೇನ್ರಿ."

"ಆವಾಗ ಮಂದಿ ನಗಂಗಿಲ್ಲೇನು?"

ಅವನು ಅಂಗಿ ಬಿಚ್ಚಿದ. ನಾನು ಸಾಬೂನು ಹಚ್ಚಿ ಎದೆ ತೊಳೆಸಿದೆ, ಕೂಸನ್ನು ಶುಚಿಯಾದ ಬಟ್ಟೆಯಲ್ಲಿ ಕಟ್ಟಿ, ಮೇಲೆ ಅವನ ಕಂಬಳಿ ಹೊದಿಸಿದೆ. ಅವನ ಗೆಳೆಯರು ಕಿಟಕಿಯ ಹತ್ತಿರ ಬಂದು, "ಬೀರ್ಯಾ ಬಾಣಂತನ ಮಾಡಾಕತ್ತಾನ ಬರ್ರೋ" ಎಂದು ಕೂಗಿ ಕರೆದರು. "ಸುಮ್ನ ಹೋಗ್ರಲೇ, ಮಲಗೇತಿ" ಎಂದು ಅವನು ಪಿಸುಮಾತಿನಲ್ಲಿ ಗದರಿಸಿದ. ತೂಕ ಏರಿ ಕೂಸು ಮನೆಗೆ ಹೋಗುವ ದಿನ ಅದನ್ನು ಹೆಂಡತಿಗೆ ಕೊಡಲು ಅವನು ಕೊಂಚ ಹಿಂದೆಮುಂದೆ ನೋಡಿದ್ದು ನನ್ನ ಕಣ್ಣಿಗೆ ಬಿತ್ತು.

ಮೇಲಧಿಕಾರಿಗಳಲ್ಲಿ ಎರಡು ಥರದವರನ್ನು ಕಂಡೆ. ಬಾಗೇವಾಡಿ ಕಡೆ ಇದ್ದ ಒಬ್ಬ ಹಿರಿಯ ಡಾಕ್ಟರಿಗೆ ಹೊಸ ಸುತ್ತೋಲೆ ಬಂತೆಂದರೆ ತಲೆಶೂಲೆ. "ಇವತ್ತು ಒಂದು ಹೇಳ್ತಾರ, ನಾಳೆ ಇನ್ನೊಂದು ಹೇಳ್ತಾರ, ನಾವೇನ್ ಬುಗುರಿ ಆಗೇವೇನು?" ಎನ್ನುತ್ತಿದ್ದರು. ಕೈಗುಣ ಬಹಳ ಒಳ್ಳೆಯದು, ಅದರ ಬಗ್ಗೆ ಎರಡು ಮಾತಿಲ್ಲ. ಇನ್ನೊಬ್ಬರು ಸಿಂದಗಿ ತಾಲೂಕಿನಲ್ಲಿ ನನ್ನ ಕೊನೆಯ ಆಸ್ಪತ್ರೆಗೆ ಬಂದ ಡಾಕ್ಟರ್ ಸಿಂಧು. ಮೈಸೂರು ಕಡೆಯ ಹುಡುಗಿ, ನನ್ನ ಮಗಳ ವಯಸ್ಸು. ನಮ್ಮ ಕಡೆಯ ಖಾರ ತಿಂದು ಕಣ್ಣೀರು ಸುರಿಸುತ್ತಲೇ ಮತ್ತೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದಳು. ಚಹಾ ಕುಡಿಯುವಾಗ ಫೋನ್ ತೆಗೆದು, "ಸಿಸ್ಟರ್, ಇದನ್ನ ಕೇಳಿ, ಹೊಸದಾಗಿ ಬಂದಿದೆ" ಎಂದು ಯಾವುದಾದರೂ ಸಂಶೋಧನೆ ಓದಿ ಹೇಳುತ್ತಿದ್ದಳು. ಗುಳಿಗೆ ನುಂಗಲಾರದ ಬಸುರಿಯರಿಗೆ ಕಬ್ಬಿಣದ ಅಂಶವನ್ನು ರಕ್ತನಾಳದ ಮೂಲಕ ಒಂದೇ ಸಲಕ್ಕೆ ಕೊಡುವುದು, ಕ್ಷಯದವರ ಮನೆಮಂದಿಗೆಲ್ಲ ಒಳ್ಳೆಯ ಊಟ ಸಿಕ್ಕರೆ ಆ ಮನೆಯಲ್ಲಿ ಕ್ಷಯ ಹರಡುವುದೇ ಕಡಿಮೆಯಾಗುವುದು, ಹೀಗೆ. ನಾನು ಪ್ರತಿಯೊಂದಕ್ಕೂ, "ಅದು ಹೆಂಗ ಗೊತ್ತಾತ್ರಿ?" ಎಂದು ಕೇಳುತ್ತಿದ್ದೆ. ಗಂಗಾಬಾಯಿಯವರಿಗೆ ಸಿಟ್ಟು ತರಿಸಿದ್ದ ಆ ಪ್ರಶ್ನೆ ಕೇಳಿ ಈ ಹುಡುಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳು. ಕೆಲವು ಊರುಗಳಿಗೆ ಹೊಸ ಪದ್ಧತಿ, ಕೆಲವಕ್ಕೆ ಹಳೆಯದು, ಯಾವ ಊರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಆಮೇಲೆ ಹೋಲಿಸಿ ನೋಡುತ್ತಾರೆ ಎಂದು ತಿಳಿಸಿ ಹೇಳುತ್ತಿದ್ದಳು. ದೊಡ್ಡವರು ಹೇಳಿದರು ಎಂದು ನಂಬುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿತು.

ಒಂದು ದಿನ ಅವಳು ಒಂದು ಪ್ಲಾಸ್ಟಿಕ್ ಹಾಳೆ ತಂದು ಮೇಜಿನ ಮೇಲೆ ಹರಡಿದಳು. ಕೆಳಗಡೆ ಅದು ಚೀಲದ ಹಾಗೆ ಇಳಿಬಿದ್ದಿತ್ತು, ಚೀಲದ ಮೇಲೆ ಗೆರೆಗಳು. ಕೂಸು ಹುಟ್ಟಿದ ಕೂಡಲೇ ಇದನ್ನು ತಾಯಿಯ ಕೆಳಗೆ ಹಾಸಬೇಕು, ಹೋಗುವ ರಕ್ತವೆಲ್ಲ ಚೀಲದಲ್ಲಿ ಕೂಡುತ್ತದೆ, ಮೇಲಿನ ಗೆರೆ ಮುಟ್ಟಿತು ಅಂದರೆ ಕೈಕಟ್ಟಿ ನಿಲ್ಲಬಾರದು. ಗರ್ಭಕೋಶ ತಿಕ್ಕುವುದು, ಅದು ಬಿಗಿಯುವ ಹಾಗೆ ಇಂಜೆಕ್ಷನ್, ರಕ್ತ ನಿಲ್ಲಿಸುವ ಔಷಧ, ಸಲೈನ್, ಎಲ್ಲಿಯಾದರೂ ಹರಿದಿದೆಯೇ ಎಂದು ನೋಡುವುದು, ಎಲ್ಲವನ್ನೂ ಒಟ್ಟಿಗೇ ಶುರು ಮಾಡಬೇಕು. ಮೊದಲು ನಾವು ಒಂದು ಮಾಡಿ, ಕಾದು ನೋಡಿ, ಆಗಲಿಲ್ಲವೆಂದರೆ ಇನ್ನೊಂದು ಮಾಡುತ್ತಿದ್ದೆವು.

"ಇದರಾಗ ಹೊಸ ಔಷಧ ಯಾವುದ್ರಿ?" ಎಂದು ಕೇಳಿದೆ.

"ಒಂದೂ ಇಲ್ಲ ಸಿಸ್ಟರ್. ಎಲ್ಲ ನಿಮ್ಮ ಕಪಾಟಲ್ಲೇ ಇತ್ತು."

ನನಗೆ ಆಶ್ಚರ್ಯವಾದದ್ದು ಅದಕ್ಕೇ. ಇದ್ದ ಔಷಧವನ್ನೇ ಬೇಗ ಕೊಟ್ಟರೆ ಎಷ್ಟೋ ತಾಯಂದಿರು ಉಳಿಯುತ್ತಾರಂತೆ. ಬೇಗ ಕೊಡದೆ ಇದ್ದದ್ದು ಯಾಕೆ ಎಂದರೆ, ಎಷ್ಟು ಹೋಗಿದೆ ಎಂದು ನಮಗೆ ತಿಳಿಯುತ್ತಿರಲಿಲ್ಲವಂತೆ. ಈ ಮಾತು ನನಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ತಿಳಿಯದೆ ಏನು? ಕಣ್ಣಳತೆ ಇಲ್ಲವೇ?

ಪರೀಕ್ಷೆ ಮಾಡಿಯೇಬಿಡೋಣ ಎಂದು ಆ ಭಾನುವಾರ ಮನೆಯ ಅಂಗಳದಲ್ಲಿ ಕುಳಿತೆ. ಕುಂಕುಮ ಕದಡಿದ ನೀರು, ಅಳತೆಯ ಚೊಂಬು, ಯಜಮಾನರ ಹಳೆಯ ಬಿಳಿ ಧೋತರ, ಒಂದು ಚಾದರ, ನನ್ನದೊಂದು ಹಳೆಯ ಇಲಕಲ್ ಸೀರೆ. ಯಜಮಾನರನ್ನು ಬೆನ್ನು ತಿರುಗಿಸಿ ಕೂರಿಸಿ, ನೀರು ಸುರಿದು, ತಿರುಗಿ ನೋಡಿ ಎಷ್ಟು ಹೇಳಿ ಎಂದೆ. ಗಣಿತದ ಮೇಷ್ಟ್ರು ಬಹಳ ಹುಮ್ಮಸ್ಸಿನಿಂದ ಹೇಳಿದರು. ಧೋತರದಲ್ಲೂ ಸುರಿದದ್ದಕ್ಕಿಂತ ಕಡಿಮೆ ಹೇಳಿದರು, ಚಾದರದಲ್ಲಿ ಇನ್ನೂ ಕಡಿಮೆ. ಆಮೇಲೆ ಅವರು ಸುರಿದರು, ನಾನು ಹೇಳಿದೆ. ನಾನೂ ಅಷ್ಟೇ! ಇಲಕಲ್ ಸೀರೆಯದಂತೂ ಮಾತೇ ಬೇಡ. ಕಡುಗೆಂಪು ಬಣ್ಣ, ದಪ್ಪ ನೂಲು. ಇಡೀ ಚೊಂಬು ಸುರಿದರೂ ಬರೀ ಒದ್ದೆಯಾದಂತೆ ಕಾಣುತ್ತಿತ್ತು.

"ಈ ಸೀರಿ ಎಲ್ಲಾ ನುಂಗಿ, ಏನೂ ಅರೀದಾಕಿ ಹಂಗ ಬಿದ್ದೈತಲ್ಲ" ಎಂದರು ಯಜಮಾನರು.

ಅವರು ತಮಾಷೆಗೆ ಅಂದದ್ದು, ಆದರೆ ನನಗೆ ನಗು ಬರಲಿಲ್ಲ. ನಮ್ಮ ಕಡೆ ಹೆರಿಗೆಗೆ ಬರುವಾಗ ತವರಿನವರು ಅರಿವೆಯ ಗಂಟು ಕಟ್ಟಿಕೊಂಡು ಬರುತ್ತಾರೆ. ಆ ಗಂಟಿನಲ್ಲಿ ಒಂದಾದರೂ ಹಳೆಯ ಇಲಕಲ್ ಸೀರೆ ಇದ್ದೇ ಇರುತ್ತದೆ, ಬೇಕೆಂದೇ ಕಡುಬಣ್ಣದ್ದನ್ನು ಆರಿಸಿರುತ್ತಾರೆ. ಒಗೆದು ಒಗೆದು ಮೆತ್ತಗಾದ ಆ ಸೀರೆಯನ್ನು ನಾವೇ ಎಷ್ಟೋ ಸಲ ಹಾಸಿದ್ದೇವೆ. ಅದರ ಮೇಲೆ ನೋಡಿಯೇ ಗಂಗಾಬಾಯಿಯವರು ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಮರುದಿನ ಸಿಂಧುವಿಗೆ ಹೇಳಿದೆ. ಅವಳು ಚಹಾ ಕೆಳಗಿಟ್ಟು, "ಸಿಸ್ಟರ್, ಯಾಕೆ ಕಡುಬಣ್ಣದ್ದೇ ತರ್ತಾರೆ? ಕಲೆ ಕಾಣಬಾರದು ಅಂತಲಾ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಕಾಶವ್ವ.

ಕಾಶವ್ವ ಕನ್ನೊಳ್ಳಿಯವಳು. ಕಿರಿಯ ಮಗಳು ಭಾಗ್ಯಶ್ರೀಯನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬೆಳಿಗ್ಗೆ ಬಂದಳು. ಬಂದವಳು ಕೂರಲಿಲ್ಲ. ಗಂಟನ್ನು ಎದೆಗೆ ಅವಚಿಕೊಂಡು ಗೋಡೆಗೆ ಅಂಟಿ ನಿಂತಳು. ನಾನು ಹತ್ತಿರ ಹೋದಾಗ ನನ್ನ ಕೈ ಹಿಡಿದುಕೊಂಡಳು.

"ಸಿಸ್ಟರ್‌ಬಾಯಿ, ದೊಡ್ಡ ಮಗಳು ಸಾವಿತ್ರಿ ಹಡದ ದಿನಾನ ಹೋದ್ಲು, ಮನ್ಯಾಗ. ಈಕಿ ಒಬ್ಬಾಕಿ ಉಳದಾಳ. ಈಕಿನ್ನ ನನಗ ತಿರುಗಿ ಕೊಡ್ರಿ."

ಇಂಥ ಮಾತಿಗೆ ಏನು ಹೇಳಬೇಕು ಎಂದು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. "ನೋಡ್ಕೋತೇವವಾ" ಎಂದೆ.

ಮಧ್ಯಾಹ್ನಕ್ಕೆ ಮುಂಚೆ ನೋವು ಬಲಿಯಿತು. ಕಾಶವ್ವ ಗಂಟು ಬಿಚ್ಚಿ ಸೀರೆ ತೆಗೆದಳು, ಇಲಕಲ್, ಕಡುಗೆಂಪು. ಅದನ್ನು ಕೆಳಗೆ ಹಾಸುವುದು ಬೇಡ ಎಂದೆ.

"ಹಂಗನ್ನಬ್ಯಾಡ್ರಿ. ರಕ್ತ ಕಂಡ್ರ ಹುಡುಗಿ ಅಂಜತಾಳ್ರಿ. ಇದರ ಮ್ಯಾಲ ಏನೂ ಕಾಣಂಗಿಲ್ಲ, ಅದಕ್ಕ ತರೂದು."

ಹೆದರುವ ಹುಡುಗಿಯ ಮೇಲಿನ ಅಕ್ಕರೆಗೆ ಆ ಬಣ್ಣ! ನನಗೆ ಸಿಟ್ಟು ಬರಲಿಲ್ಲ, ಬಹಳ ಸಂಕಟವಾಯಿತು. "ಆಕಿಗಿ ಕಾಣದಿದ್ರ ನಡೀತೈತಿ ಕಾಶವ್ವಾ, ನನಗ ಕಾಣಬೇಕಲ್ಲ" ಎಂದು ಸೀರೆಯನ್ನು ಮಡಿಸಿ ಭಾಗ್ಯಶ್ರೀಯ ತಲೆಯ ಕೆಳಗಿಟ್ಟೆ. ಕಾಶವ್ವ ಒಪ್ಪಿದಳೋ ಇಲ್ಲವೋ, ಹೊರಗೆ ಹೋಗಿ ಪರದೆಯ ಆಚೆ ನಿಂತಳು.

ಹೆರಿಗೆ ಸರಾಗವಾಗಿ ಆಯಿತು. ಹೆಣ್ಣು ಕೂಸು, ಗಟ್ಟಿ ಧ್ವನಿ. ಗೆರೆಯ ಚೀಲ ಹಾಸಿದೆ. ಮಾಸು ಪೂರ್ತಿ ಬಂತು. ನನ್ನ ಜೊತೆ ಮಹಾನಂದಾ ಎಂಬ ನರ್ಸ್ ಇದ್ದಳು, ಅವಳು ಕೂಸನ್ನು ಒರೆಸಿ ತಾಯಿಯ ಎದೆಗೆ ಹಾಕಿದಳು. ಭಾಗ್ಯಶ್ರೀ ನಗುತ್ತ, "ಯಾರ್ಹಂಗ ಐತ್ರಿ? ಮೂಗು ಯಾರದ್ರಿ?" ಎಂದು ಕೇಳುತ್ತಿದ್ದಳು. ನಾಡಿ ಸರಿಯಾಗಿತ್ತು. ರಕ್ತ ಧಾರೆಯಾಗಿ ಹೋಗುತ್ತಿರಲಿಲ್ಲ, ಸದ್ದಿಲ್ಲದೆ ಜಿನುಗುತ್ತಿತ್ತು. ನನ್ನ ಕಣ್ಣು ಹೇಳಿತು: ಸಾದಾ ಐತಿ.

"ಅಕ್ಕಾ, ಗೆರಿ ನೋಡ್ರಿ" ಎಂದಳು ಮಹಾನಂದಾ.

ಬಗ್ಗಿ ನೋಡಿದರೆ ಮೇಲಿನ ಗೆರೆ ಮುಳುಗಿತ್ತು. ನಾನು ಹುಡುಗಿಯ ಮುಖ ನೋಡಿದೆ, ಮತ್ತೆ ಚೀಲ ನೋಡಿದೆ. ಎರಡೂ ಒಂದೇ ಹೆಂಗಸಿನವು ಎಂದು ನಂಬುವುದು ಕಷ್ಟವಾಯಿತು. ಒಂದು ಗಳಿಗೆ ನನಗೆ ಚೀಲದ ಮೇಲೆಯೇ ಅನುಮಾನ ಬಂತು. ಆದರೆ ಅಂಗಳದಲ್ಲಿ ಸೋತದ್ದು ನಾನು, ಚೊಂಬು ಅಲ್ಲ. "ಡಾಕ್ಟರ್ ಕರಿ, ಎಲ್ಲಾ ಒಮ್ಮೆಲೆ ಸುರು ಮಾಡು" ಎಂದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಕಣಕದ ಹಾಗೆ ಮೆತ್ತಗಿತ್ತು. ತಿಕ್ಕಲು ಶುರು ಮಾಡಿದೆ. ಮಹಾನಂದಾ ಇಂಜೆಕ್ಷನ್ ಕೊಟ್ಟು ಸಲೈನ್ ಹಚ್ಚಿದಳು. ಹೊರರೋಗಿಗಳನ್ನು ನೋಡುತ್ತಿದ್ದ ಸಿಂಧು ಓಡಿ ಬಂದು ರಕ್ತ ನಿಲ್ಲಿಸುವ ಔಷಧ ಹಾಕಿ, ಎಲ್ಲೂ ಹರಿದಿಲ್ಲ ಎಂದು ನೋಡಿದಳು. ಆಂಬುಲೆನ್ಸಿಗೂ ಹೇಳಿ ಕಳಿಸಿದೆವು.

ಅಷ್ಟರಲ್ಲಿ ಭಾಗ್ಯಶ್ರೀ ಕೂಸಿನ ಮೂಗಿನ ಮಾತು ನಿಲ್ಲಿಸಿದಳು. ತುಟಿ ಬಿಳಿಚಿತು. "ಕಣ್ಣ ಕತ್ತಲಿ ಬರಾಕತ್ತೈತ್ರಿ" ಎಂದಳು. ರಕ್ತದೊತ್ತಡ ಇಳಿದಿತ್ತು. ಮೊದಲಾಗಿದ್ದರೆ ನಾನು ಈ ಗಳಿಗೆಯಲ್ಲಿ ಎಚ್ಚೆತ್ತು ಇಂಜೆಕ್ಷನ್ ಹುಡುಕಲು ಓಡುತ್ತಿದ್ದೆ. ಈಗ ಎಲ್ಲ ಔಷಧವೂ ಅವಳ ಮೈಯೊಳಗಿತ್ತು. ನನ್ನ ಕೈ ಸೋಲುತ್ತಿತ್ತು, ಮಹಾನಂದಾ ತಿಕ್ಕಿದಳು, ಮತ್ತೆ ನಾನು. ಪರದೆಯ ಕೆಳಗೆ ಕಾಶವ್ವನ ಪಾದಗಳು ಕಾಣುತ್ತಿದ್ದವು, ಅಲ್ಲಾಡುತ್ತಿರಲಿಲ್ಲ. ಕೊನೆಗೆ ನನ್ನ ಅಂಗೈ ಕೆಳಗೆ ಗರ್ಭಕೋಶ ಗಟ್ಟಿಯಾಯಿತು. ಜಿನುಗುವುದು ನಿಂತಿತು. ಒತ್ತಡ ಏರಿತು. ಬಂದ ಆಂಬುಲೆನ್ಸ್ ಬಾಗಿಲಲ್ಲೇ ನಿಂತಿತು, ಒಯ್ಯುವ ಪ್ರಸಂಗ ಬರಲಿಲ್ಲ. ಸಿಂಧು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ನನ್ನ ಸೊಂಟ ಹಿಡಿದುಕೊಂಡು ಅತ್ತುಬಿಟ್ಟಳು. ನಾನು ಅವಳ ತಲೆ ನೇವರಿಸಿದೆ, ನನ್ನ ಕಣ್ಣೂ ತುಂಬಿತ್ತು.

ಇಳಿಹೊತ್ತಿಗೆ ಭಾಗ್ಯಶ್ರೀ ಚೆನ್ನಾಗಿ ಕಣ್ಣು ಬಿಟ್ಟು ಕೂಸಿಗೆ ಹಾಲು ಕುಡಿಸಿದಳು. ಕಾಶವ್ವ ಒಳಗೆ ಬಂದಳು. ಮಗಳನ್ನು ಮುಟ್ಟಿ ನೋಡಿದ ಮೇಲೆ, ಮೂಲೆಯಲ್ಲಿಟ್ಟಿದ್ದ ಚೀಲದ ಕಡೆ ಕೈ ಮಾಡಿ, "ಅದನ್ನ ತೋರಸ್ರಿ" ಎಂದಳು. ಹೆದರುತ್ತಾಳೇನೋ ಎಂದುಕೊಂಡೆ, ಆದರೂ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಇಷ್ಟೂ ಈಕೀದ?"

"ಹೌದವಾ."

"ರಕ್ತ ಹೋಗುವಾಗ ಈಕಿ ನೀರಡಿಕಿ ಅಂದ್ಲೇನ್ರಿ?"

ಅಂದಿದ್ದಳು. ಒತ್ತಡ ಇಳಿದಾಗ ನೀರು ನೀರು ಎಂದು ಕನವರಿಸಿದ್ದಳು. ದೊಡ್ಡ ಆಸ್ಪತ್ರೆಗೆ ಒಯ್ದು ಆಪರೇಷನ್ ಮಾಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು ಎಂದು ಸ್ವಲ್ಪ ತಡಿ ಎಂದಿದ್ದೆವು. ಹೌದು ಎಂದು ತಲೆಯಾಡಿಸಿದೆ. ಕಾಶವ್ವ ನೆಲದ ಮೇಲೆ ಕುಳಿತುಬಿಟ್ಟಳು.

ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ಕೊಟ್ಟರೂ ಗುಟುಕು ಲೆಕ್ಕ. ನೀರು ಕುಡಿದರೆ ಮೈಗೆ ನಂಜು ಏರುತ್ತದೆ ಎಂಬ ಭಯ. ನಾವು ಎಷ್ಟು ಹೇಳಿದರೂ ಕೆಲವು ಮನೆಗಳಲ್ಲಿ ಅದು ಇನ್ನೂ ಹೋಗಿಲ್ಲ. ಸಾವಿತ್ರಿ ಹಡೆದ ದಿನ ಅವಳೂ ನೀರು ನೀರು ಎಂದು ಗೋಗರೆದಿದ್ದಳಂತೆ. ಮನೆಯ ಹಿರಿಯರು ಬೇಡ ಅಂದಿದ್ದರು. ತಾಯಿಯ ಕರುಳು ತಡೆಯದೆ ಕಾಶವ್ವ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ನೀರು ತಂದು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಸಾವಿತ್ರಿ ಹೋದಳು. ನೀರು ಕುಡಿಸಿದ್ದನ್ನು ಕಾಶವ್ವನ ನೆಗೆಣ್ಣಿ ನೋಡಿದ್ದಳು. ಮಣ್ಣು ಮಾಡಿ ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

"ನೀರು ಕೊಟ್ಟು ಮಗಳನ್ನ ಕೊಂದಿ ಅಂದ್ರು. ನಾನೂ ಹಂಗ ತಿಳಕೊಂಡೇನ್ರಿ, ಇವತ್ತಿನ ತನಕಾ. ಆ ತಂಬಿಗಿ ಇನ್ನೂ ಮನ್ಯಾಗ ಐತಿ. ನಾ ಅದನ್ನ ಮುಟ್ಟಂಗಿಲ್ರಿ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತೆ.

"ಕೇಳಿಲ್ಲಿ ಕಾಶವ್ವಾ. ನೀರು ಕುಡದು ಆಕಿ ಹೋಗಲಿಲ್ಲ. ರಕ್ತ ಹೋಗಾಕತ್ತಿತ್ತು, ಅದಕ್ಕ ಆಕಿಗಿ ನೀರಡಿಸಿತು. ಮೈಯಾಗ ರಕ್ತ ಕಡಿಮಿ ಆದ್ರ ಯಾರಿಗಾದ್ರೂ ಹಂಗ ನೀರಡಿಸ್ತೈತಿ. ಈಕಿಗೂ ಹಂಗ ಆತು."

"ನೀರಿನಿಂದ ಅಲ್ಲ?"

"ಅಲ್ಲ."

ಅವಳು ನನ್ನನ್ನು ನಂಬಲಿಲ್ಲ. ಎದ್ದು ಮಹಾನಂದಾಳ ಹತ್ತಿರ ಹೋಗಿ ಕೇಳಿದಳು, ಅವಳೂ ಅಲ್ಲ ಅಂದಳು. ಹೊರಗೆ ಸಿಂಧುವಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. "ಅಲ್ಲಮ್ಮ, ನೀವು ಕೊಟ್ಟ ನೀರಿಂದ ಏನೂ ಆಗಿಲ್ಲ. ಅವರಿಗೆ ಸ್ವಲ್ಪ ಸಮಾಧಾನವೇ ಆಗಿರುತ್ತೆ" ಎಂದು ಸಿಂಧು ಹೇಳುವುದು ನನಗೆ ಒಳಗೆ ಕೇಳಿಸಿತು.

ಕಾಶವ್ವ ಮುಖ ಒರೆಸಿಕೊಂಡು ತಿರುಗಿ ಬಂದಾಗ ಭಾಗ್ಯಶ್ರೀ ಮಗ್ಗುಲು ಬದಲಿಸಿ, "ಅವ್ವಾ, ನೀರು" ಅಂದಳು. ಕಾಶವ್ವ ನನ್ನ ಮುಖ ನೋಡಿದಳು.

"ಕೊಡ್ಲೇನ್ರಿ?"

"ಕೊಡು."

ಅವಳು ಲೋಟದ ಅಂಚಿನವರೆಗೆ ನೀರು ಸುರಿದಳು. ಮಗಳ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು, ಎಲ್ಲರೂ ನೋಡುವ ಹಾಗೆ, ಗಟ್ಟಿಯಾಗಿ ಹೇಳಿದಳು:

"ಕುಡಿ ನನ್ನವ್ವಾ. ಎಷ್ಟ ಬೇಕು ಅಷ್ಟ ಕುಡಿ."